ತಾರೀಖಿನ ತಲೆಗೆ ಕಟ್ಟಿದ್ದು

ಜರ್ಮನಿಯ ಚರಿತ್ರೆ ಓದುವವರಿಗೆ ನವೆಂಬರ್ 9 ಎಂಬ ತಾರೀಖು ಮತ್ತೆ ಮತ್ತೆ ಎದುರಾಗುತ್ತದೆ. 1848ರ ಆ ದಿನ ಫ್ರಾಂಕ್‌ಫರ್ಟಿನ ಜನಪ್ರತಿನಿಧಿ ಸಭೆಯ ಸದಸ್ಯ ರಾಬರ್ಟ್ ಬ್ಲೂಮ್‌ನನ್ನು ವಿಯೆನ್ನಾದಲ್ಲಿ ಗುಂಡಿಟ್ಟು ಕೊಂದರು; ಸದಸ್ಯನಿಗಿದ್ದ ಕಾನೂನಿನ ರಕ್ಷಣೆ ಅವನನ್ನು ಕಾಯಲಿಲ್ಲ. 1918ರ ಆ ದಿನ ಕೈಸರನ ಸಿಂಹಾಸನ ಉರುಳಿ ಗಣರಾಜ್ಯ ಹುಟ್ಟಿತು. 1923ರ ಆ ದಿನ ಆ ಗಣರಾಜ್ಯವನ್ನು ಮುಗಿಸಲು ಹಿಟ್ಲರ್ ಮ್ಯೂನಿಕ್ ಬೀದಿಗಳಲ್ಲಿ ಮಾಡಿದ ದಂಗೆ ವಿಫಲವಾಯಿತು. 1938ರ ಆ ರಾತ್ರಿ ದೇಶದ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. 1989ರ ಆ ರಾತ್ರಿ ಬರ್ಲಿನ್ ಗೋಡೆಯ ಬಾಗಿಲು ತೆರೆಯಿತು. ಇಷ್ಟೆಲ್ಲ ಒಂದೇ ತಾರೀಖಿನಲ್ಲಿ ಬಂದು ಕೂತದ್ದನ್ನು ಕಂಡು ಅನೇಕ ಜರ್ಮನರು ಅದನ್ನು ತಮ್ಮ ನಾಡಿನ ವಿಧಿಯ ದಿನ ಎಂದು ಕರೆಯುತ್ತಾರೆ. ಈ ಮಾತಿನ ಹಿಂದೆ ಬಹಳ ಹಳೆಯ ಧಾರ್ಮಿಕ ಪ್ರಶ್ನೆಯೊಂದಿದೆ. ಕಾಲಕ್ಕೆ ತನ್ನದೇ ಗುಣವುಂಟೆ? ಕೆಲವು ದಿನಗಳು ಒಳಿತನ್ನೋ ಕೆಡುಕನ್ನೋ ತಮ್ಮೊಳಗೆ ಹೊತ್ತು ಬರುತ್ತವೆಯೆ? ಇಲ್ಲ ಎಂಬುದು ನನ್ನ ವಾದ. ದಿನಕ್ಕೆ ಸಿಗುವ ಗುಣವೆಲ್ಲ ಮನುಷ್ಯರು ಕೊಟ್ಟದ್ದು. ಹಾಗೆ ಕೊಟ್ಟ ಮೇಲೆ ಅದು ನಿಜಕ್ಕೂ ಕೆಲಸ ಮಾಡತೊಡಗುತ್ತದೆ, ಕೆಲವೊಮ್ಮೆ ಕೊಲ್ಲುತ್ತದೆ ಕೂಡ. ಆದ್ದರಿಂದಲೇ ವಿಧಿ ಎಂಬ ಮಾತನ್ನು ಸಲೀಸಾಗಿ ಬಿಟ್ಟುಕೊಡುವಂತಿಲ್ಲ. ಅದರ ಮರೆಯಲ್ಲಿ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ.

ಮೊದಲು, ಅದು ಒಂದೇ ದಿನವೇ ಎಂದು ಕೇಳಬೇಕು. ಕಾಲಕ್ಕೆ ಗುಣವುಂಟು ಎಂಬ ನಂಬಿಕೆಯನ್ನು ನಮ್ಮ ಪಂಚಾಂಗದಷ್ಟು ಶಿಸ್ತಿನಿಂದ ಬೆಳೆಸಿದ ಪದ್ಧತಿಗಳು ಕಡಿಮೆ. ಅಲ್ಲಿ ದಿನವೆಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಈ ಐದೂ ಸೇರಿದ್ದು. ಆ ಅಳತೆಯಲ್ಲಿ ನೋಡಿದರೆ ಜರ್ಮನಿಯ ನವೆಂಬರ್ 9ಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ದಿನಗಳು. 1918ರದು ಶನಿವಾರ, 1923ರದು ಶುಕ್ರವಾರ, 1938ರದು ಬುಧವಾರ, 1989ರದು ಗುರುವಾರ. 1923ರಲ್ಲಿ ಅಮಾವಾಸ್ಯೆ ಹಿಂದಿನ ದಿನವಷ್ಟೇ ಆಗಿತ್ತು. 1938ರಲ್ಲಿ ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. 1989ರಲ್ಲಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಸೂರ್ಯನಾದರೂ ಪ್ರತಿ ವರ್ಷ ಆ ತಾರೀಖಿಗೆ ಅದೇ ಜಾಗದಲ್ಲಿ ಇರುತ್ತಾನಲ್ಲ ಎನ್ನಬಹುದು. ಇರುತ್ತಾನೆ, ಆದರೆ 8ನೆಯ ತಾರೀಖಿಗೂ 10ನೆಯ ತಾರೀಖಿಗೂ ಅವನಿಗಿರುವ ಅಂತರ ಒಂದೊಂದೇ ಅಂಶ. ಅಷ್ಟರಲ್ಲೇ ಒಂದು ನಾಡಿನ ವಿಧಿ ಅಡಗಿದೆ ಎನ್ನುವುದಕ್ಕೆ ಯಾವ ಜ್ಯೋತಿಷವೂ ಒಪ್ಪದು. ಈ ಘಟನೆಗಳನ್ನು ಒಟ್ಟಿಗೆ ಕೂರಿಸಿರುವುದು ಗ್ರೆಗೋರಿಯನ್ ಕ್ಯಾಲೆಂಡರಿನ ಒಂದು ಅಂಕಿ ಮಾತ್ರ. ಆ ಕ್ಯಾಲೆಂಡರಾದರೋ 1582ರಲ್ಲಿ ಪೋಪ್ ಒಬ್ಬರ ಆಜ್ಞೆಯಿಂದ ಜಾರಿಗೆ ಬಂದ ಏರ್ಪಾಡು. ಅದನ್ನು ಸ್ಪೇನ್ ಕೂಡಲೇ ಒಪ್ಪಿಕೊಂಡಿತು, ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಹೀಗಾಗಿ 1616ರ ಏಪ್ರಿಲ್ 23ರಂದು ಶೇಕ್ಸ್‌ಪಿಯರ್, ಸರ್ವಾಂಟೆಸ್ ಇಬ್ಬರೂ ತೀರಿಕೊಂಡರೆಂದು ಹೇಳುವಾಗ ನಾವು ಹತ್ತು ದಿನ ಅಂತರದ ಎರಡು ದಿನಗಳನ್ನು ಒಂದೇ ಎನ್ನುತ್ತಿರುತ್ತೇವೆ. ಅದೂ ಸರ್ವಾಂಟೆಸ್ ತೀರಿಕೊಂಡದ್ದು 22ರಂದು, 23 ಅವನನ್ನು ಹೂಳಿದ ದಿನ. ಅದೇ ತಾರೀಖಿಗೆ ಆಚರಿಸುವ ವಿಶ್ವ ಪುಸ್ತಕ ದಿನ ಅದರಿಂದ ಕಳೆಗುಂದುವುದಿಲ್ಲ. ಆದರೆ ಆ ಜೋಡಣೆ ಆಕಾಶದ್ದಲ್ಲ, ನಮ್ಮದು.

ಇನ್ನು ಆಯ್ಕೆಯ ಮಾತು. ಸಾವಿರ ವರ್ಷಗಳ ಚರಿತ್ರೆಯ ದೊಡ್ಡ ಘಟನೆಗಳೆಲ್ಲ 366 ತಾರೀಖುಗಳಲ್ಲೇ ಜಾಗ ಹುಡುಕಬೇಕು. ಯಾವುದಾದರೂ ಒಂದು ತಾರೀಖಿನ ಮೇಲೆ ನಾಲ್ಕೈದು ಬೀಳದಿದ್ದರೆ ಅದೇ ಆಶ್ಚರ್ಯ. ಬಿದ್ದವುಗಳಲ್ಲಿ ನಮ್ಮ ಕಥೆಗೆ ಒಗ್ಗುವುದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತೇವೆ. 1799ರ ನವೆಂಬರ್ 9ರಂದು ನೆಪೋಲಿಯನ್ ಪ್ಯಾರಿಸಿನಲ್ಲಿ ಅಧಿಕಾರ ಕಿತ್ತುಕೊಂಡ. ಮುಂದೆ ಜರ್ಮನ್ ನಾಡುಗಳ ನಕ್ಷೆಯನ್ನೇ ಬದಲಿಸಿದ ಮನುಷ್ಯ. ಆದರೂ ವಿಧಿಯ ದಿನದ ಪಟ್ಟಿಯಲ್ಲಿ ಆ ಘಟನೆ ಕಾಣುವುದಿಲ್ಲ. ಫ್ರೆಂಚರಿಗೂ ಅದು ನವೆಂಬರ್ 9 ಅಲ್ಲ, ತಮ್ಮ ಕ್ರಾಂತಿಯ ಕ್ಯಾಲೆಂಡರಿನ ಬ್ರೂಮೇರ್ 18. ಭಾರತದಲ್ಲಿ ಇದೇ ತಾರೀಖಿಗೆ ಬೇರೆಯೇ ಸಾಲುಂಟು. ಬರ್ಲಿನ್ನಿನಲ್ಲಿ ಗೋಡೆ ತೆರೆದ ದಿನವೇ, ಅಂದರೆ 1989ರ ನವೆಂಬರ್ 9ರಂದು, ಅಯೋಧ್ಯೆಯಲ್ಲಿ ರಾಮಮಂದಿರದ ಶಿಲಾನ್ಯಾಸ ನಡೆಯಿತು. ಸುಪ್ರೀಂ ಕೋರ್ಟಿನ ಅಯೋಧ್ಯೆ ತೀರ್ಪು ಬಂದದ್ದು, ಸಿಖ್ ಯಾತ್ರಿಕರಿಗೆ ಪಾಕಿಸ್ತಾನದ ಕರ್ತಾರ್‌ಪುರದ ಹಾದಿ ತೆರೆದದ್ದು ಎರಡೂ 2019ರ ನವೆಂಬರ್ 9ರಂದು. ಅಂದು ಸಂಜೆ ದೇಶವನ್ನುದ್ದೇಶಿಸಿ ಮಾತಾಡಿದ ಪ್ರಧಾನಿ ಬರ್ಲಿನ್ ಗೋಡೆಯನ್ನೂ ನೆನೆದು, ಈ ತಾರೀಖು ಒಂದಾಗಿ ಬಾಳುವ ಸಂದೇಶ ಕೊಡುತ್ತದೆ ಎಂದರು. ಅದೇ ತಾರೀಖಿನಲ್ಲಿ ಸಿನಗಾಗ್‌ಗಳು ಉರಿದ ರಾತ್ರಿಯನ್ನು ಕಣ್ಣಮುಂದೆ ಇಟ್ಟುಕೊಂಡವರಿಗೆ ಅದು ಬೇರೆಯೇ ಸಂದೇಶ ಕೊಟ್ಟೀತು. ತಾರೀಖಿನಲ್ಲೇ ಅರ್ಥ ಇದ್ದಿದ್ದರೆ ಕೇಳುವವರೆಲ್ಲರಿಗೂ ಅದು ಒಂದೇ ಮಾತು ಹೇಳಬೇಕಿತ್ತು.

ಹಾಗಾದರೆ ಎಲ್ಲವೂ ಕಾಕತಾಳೀಯವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ಜರ್ಮನಿಯ ಸಾಲಿನಲ್ಲಿ ಮೂರು ಕೊಂಡಿಗಳು ನಿಜಕ್ಕೂ ಒಂದಕ್ಕೊಂದು ಬೆಸೆದಿವೆ. 1918ರಲ್ಲಿ ರಾಜಪ್ರಭುತ್ವ ಬಿದ್ದದ್ದು ಬಲಪಂಥೀಯರಿಗೆ ದ್ರೋಹವಾಗಿ ಕಂಡಿತು. ಗಣರಾಜ್ಯ ಕಟ್ಟಿದವರನ್ನು ಹಿಟ್ಲರ್ ನವೆಂಬರಿನ ಅಪರಾಧಿಗಳು ಎಂದೇ ಕರೆಯುತ್ತಿದ್ದ. ಐದು ವರ್ಷದ ತರುವಾಯ, ಆ ಕ್ರಾಂತಿಯ ವಾರ್ಷಿಕದ ಮುನ್ನಾದಿನ, ಬವೇರಿಯದ ಆಡಳಿತ ಹಿಡಿದಿದ್ದ ಗುಸ್ತಾವ್ ಫಾನ್ ಕಾರ್ ಮ್ಯೂನಿಕ್ಕಿನ ದೊಡ್ಡ ಬಿಯರ್ ಹಾಲ್ ಒಂದರಲ್ಲಿ ಸಭೆ ಕರೆದ. ಮುಂದಿನ ದಿನಗಳಿಗೆಂದು ಗೊತ್ತುಮಾಡಿದ್ದ ದಂಗೆಯನ್ನು ಹಿಟ್ಲರ್ ಆ ಸಭೆಗೇ ತಂದು ನಿಲ್ಲಿಸಿದ. ಮರುದಿನ ಮಧ್ಯಾಹ್ನ ಮೆರವಣಿಗೆಗೆ ಪೊಲೀಸರು ಅಡ್ಡ ನಿಂತರು, ಗುಂಡು ಹಾರಿತು, ನಾಲ್ವರು ಪೊಲೀಸರು ಸತ್ತರು, ತಮ್ಮ ಕಡೆ 16 ಮಂದಿ ಹುತಾತ್ಮರೆಂದು ನಾಜಿಗಳು ಲೆಕ್ಕ ಹಾಕಿಕೊಂಡರು. ಅಧಿಕಾರಕ್ಕೆ ಬಂದ ಮೇಲೆ ಅದನ್ನೇ ಒಂದು ವ್ರತದಂತೆ ಆಚರಿಸಿದರು. ಪ್ರತಿ ವರ್ಷ 8ರ ಸಂಜೆ ಅದೇ ಬಿಯರ್ ಹಾಲಿನಲ್ಲಿ ಹಿಟ್ಲರನ ಭಾಷಣ, 9ರಂದು ಅದೇ ಬೀದಿಯಲ್ಲಿ ಮೆರವಣಿಗೆ, ರಾತ್ರಿ ಹಳೆಯ ಪುರಭವನದಲ್ಲಿ ಪಕ್ಷದ ಹಿರಿಯರ ಊಟ. 1935ರಲ್ಲಿ ಆ 16 ಶವಗಳನ್ನು ತೆಗೆದು ಹೊಸದಾಗಿ ಕಟ್ಟಿಸಿದ ಮಂಟಪಗಳಲ್ಲಿ ಇರಿಸಿದರು. ಒಂದು ಸೋಲಿನ ದಿನ ಹೀಗೆ ಪಕ್ಷದ ಪುಣ್ಯದಿನವಾಯಿತು. ಪುಣ್ಯದಿನಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿತ್ತು: ಅಸ್ಥಿ, ಬಾವುಟ, ಹೆಸರು ಕೂಗುವ ಕ್ರಮ, ಕಣ್ಣೀರು.

1938ರಲ್ಲಿ ಆ ಊಟದ ಹೊತ್ತಿಗೆ ಏನಾಯಿತೆಂಬುದನ್ನು ಹತ್ತಿರದಿಂದ ನೋಡಬೇಕು. ಅಕ್ಟೋಬರ್ ಕೊನೆಯಲ್ಲಿ ಜರ್ಮನಿ ಸುಮಾರು 17,000 ಪೋಲಿಷ್ ಯಹೂದಿಗಳನ್ನು ಮನೆಯಿಂದ ಎಬ್ಬಿಸಿ ಗಡಿಗೆ ದೂಡಿತ್ತು. ಅವರಲ್ಲಿ ಹ್ಯಾನೋವರಿನ ಒಂದು ಕುಟುಂಬದ ಮಗ, 17 ವರ್ಷದ ಹರ್ಷಲ್ ಗ್ರಿನ್‌ಷ್ಪಾನ್, ಪ್ಯಾರಿಸಿನಲ್ಲಿದ್ದ. ನವೆಂಬರ್ 7ರಂದು ಅವನು ಅಲ್ಲಿನ ಜರ್ಮನ್ ರಾಯಭಾರ ಕಚೇರಿಗೆ ಹೋಗಿ ಎರ್ನ್ಸ್ಟ್ ಫಾಮ್ ರಾಟ್ ಎಂಬ ಅಧಿಕಾರಿಗೆ ಗುಂಡು ಹೊಡೆದ. 9ರ ಸಂಜೆ ಆ ಅಧಿಕಾರಿ ಸತ್ತ. ಸುದ್ದಿ ಮ್ಯೂನಿಕ್ಕಿನ ಪುರಭವನಕ್ಕೆ ಮುಟ್ಟಿದಾಗ ದೇಶದ ಎಲ್ಲ ಪ್ರಾಂತಗಳ ಪಕ್ಷದ ಮುಖಂಡರು ಒಂದೇ ಸೂರಿನಡಿ ಇದ್ದರು, ಹುತಾತ್ಮರ ಸ್ಮರಣೆಯಲ್ಲಿ ಕುದಿಯುತ್ತಿದ್ದರು. ಹಿಟ್ಲರ್ ಮಾತಾಡದೆ ಎದ್ದು ಹೋದ. ಪ್ರಚಾರ ಸಚಿವ ಗೋಬೆಲ್ಸ್ ಎದ್ದು ಮಾತಾಡಿದ. ಮುಖಂಡರು ಟೆಲಿಫೋನ್ ಹಿಡಿದು ತಮ್ಮ ತಮ್ಮ ಊರುಗಳಿಗೆ ಸುದ್ದಿ ಮುಟ್ಟಿಸಿದರು. ನಸುಕಿನ 1 ಗಂಟೆ 20 ನಿಮಿಷಕ್ಕೆ ಭದ್ರತಾ ಪೊಲೀಸ್ ಮುಖ್ಯಸ್ಥ ಹೈಡ್ರಿಕ್‌ನ ಆದೇಶ ಎಲ್ಲ ಪೊಲೀಸ್ ಕಚೇರಿಗಳಿಗೂ ಹೋಯಿತು. ಪಕ್ಕದ ಕಟ್ಟಡಗಳಿಗೆ ಅಪಾಯವಿಲ್ಲದ ಕಡೆ ಮಾತ್ರ ಸಿನಗಾಗ್‌ಗಳನ್ನು ಸುಡಬಹುದು, ಜೈಲುಗಳಲ್ಲಿ ಹಿಡಿಸುವಷ್ಟು ಯಹೂದಿಗಳನ್ನು, ಅದರಲ್ಲೂ ಅನುಕೂಲಸ್ಥರನ್ನು, ಬಂಧಿಸಬೇಕು ಎಂಬುದು ಅದರ ಸಾರ. ಸಾವಿರಕ್ಕೂ ಹೆಚ್ಚು ಪ್ರಾರ್ಥನಾ ಮಂದಿರಗಳು ಹಾಳಾದವು, ಸುಮಾರು 7,500 ಅಂಗಡಿಗಳು ಒಡೆದುಹೋದವು, ಸುಮಾರು 30,000 ಗಂಡಸರನ್ನು ಶಿಬಿರಗಳಿಗೆ ಎಳೆದೊಯ್ದರು.

ಇಲ್ಲಿ ತಾರೀಖಿಗೆ ಪಾತ್ರವಿಲ್ಲವೆಂದರೆ ಸುಳ್ಳಾಗುತ್ತದೆ. ಮುಖಂಡರು ಅಂದು ಒಂದೆಡೆ ನೆರೆದದ್ದು ಆ ತಾರೀಖಿನ ಕಾರಣದಿಂದಲೇ. ದ್ವೇಷಕ್ಕೆ ಅಷ್ಟು ಬೇಗ ದೇಶವ್ಯಾಪಿ ಆಜ್ಞೆಯ ರೂಪ ಬಂದದ್ದೂ ಅದರಿಂದಲೇ. ಆದರೆ ಕಾಸೆಲ್ ಮತ್ತು ಸುತ್ತಲಿನ ಊರುಗಳಲ್ಲಿ ಹಲ್ಲೆ 7ರ ರಾತ್ರಿಯೇ ಶುರುವಾಗಿತ್ತೆಂಬುದನ್ನು ಮರೆಯಬಾರದು. ಕೆಡುಕು ಒಳ್ಳೆಯ ಮುಹೂರ್ತಕ್ಕೆ ಕಾಯುತ್ತ ಕೂತಿರಲಿಲ್ಲ. ತಾರೀಖು ಕೊಟ್ಟದ್ದು ಸಂದರ್ಭವನ್ನು. ಆ ಸಂದರ್ಭವನ್ನು ಹದಿನೈದು ವರ್ಷ ಕೂತು ಕಟ್ಟಿದವರು ಮನುಷ್ಯರು, ಬಳಸಿಕೊಂಡವರೂ ಅವರೇ. ಇದನ್ನು ವಿಧಿಯ ದಿನ ಎಂದೊಡನೆ ಕಟ್ಟಿದವರೂ ಬಳಸಿದವರೂ ಮಾಯವಾಗುತ್ತಾರೆ, ಅವರ ಜಾಗದಲ್ಲಿ ಆಕಾಶ ಬಂದು ನಿಲ್ಲುತ್ತದೆ.

ವಿಧಿಯ ವಾದಕ್ಕೆ ಅದೇ ರಾತ್ರಿಯಲ್ಲೇ ಉತ್ತರವಿದೆ. ಬರ್ಲಿನ್ನಿನ ಓರಾನಿಯನ್‌ಬುರ್ಗರ್ ರಸ್ತೆಯ ದೊಡ್ಡ ಸಿನಗಾಗಿಗೂ ಗುಂಪು ನುಗ್ಗಿ ಬೆಂಕಿ ಹಚ್ಚಿತು. ಅದು ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಟ್ ಎಂಬ ಅಧಿಕಾರಿಯ ಠಾಣೆಯ ಸರಹದ್ದು. ಅದು ಸರ್ಕಾರ ರಕ್ಷಿಸಿದ ಸ್ಮಾರಕವೆಂದು ಠಾಣೆಯ ಪೊಲೀಸರು ಗುಂಪನ್ನು ತಡೆದರು, ಅಗ್ನಿಶಾಮಕ ದಳವನ್ನು ಕರೆಸಿ ಬೆಂಕಿ ಆರಿಸಿದರು. ತಾರೀಖು ಅದೇ, ಊರು ಅದೇ, ಸರ್ಕಾರವೂ ಅದೇ. ಮರುವರ್ಷ ಗೆಯೋರ್ಗ್ ಎಲ್ಸರ್ ಎಂಬ ಬಡಗಿ ನಾಜಿಗಳ ಆ ವಾರ್ಷಿಕ ವಿಧಿಯನ್ನೇ ಆಧಾರವಾಗಿಟ್ಟುಕೊಂಡ. ನವೆಂಬರ್ 8ರ ಸಂಜೆ ಹಿಟ್ಲರ್ ಆ ಬಿಯರ್ ಹಾಲಿಗೆ ಬಂದೇ ಬರುತ್ತಾನೆಂದು ಗೊತ್ತಿತ್ತು. ತಿಂಗಳಿಗೂ ಹೆಚ್ಚು ರಾತ್ರಿ ಕದ್ದು ಒಳಗೆ ಉಳಿದು ವೇದಿಕೆಯ ಹಿಂದಿನ ಕಂಬ ಕೊರೆದು ಬಾಂಬ್ ಇಟ್ಟ. ಹಿಟ್ಲರ್ ಅಂದು ಬೇಗ ಭಾಷಣ ಮುಗಿಸಿ ಹೊರಟ. 13 ನಿಮಿಷದ ಬಳಿಕ ಬಾಂಬ್ ಸಿಡಿದು ಎಂಟು ಮಂದಿ ಸತ್ತರು. ಎಲ್ಸರನ ಕೃತ್ಯವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಒಂದು ದಿನಕ್ಕೆ ತುಂಬಿಟ್ಟ ಪಾವಿತ್ರ್ಯವನ್ನು ಯಾರು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು ಎಂಬುದನ್ನಂತೂ ಅದು ತೋರಿಸುತ್ತದೆ.

ಇಷ್ಟು ಹೊತ್ತು ರಾಜಕೀಯದ ಮಾತಾಯಿತು. ಧರ್ಮದ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿ. ಯಹೂದಿ ಪರಂಪರೆಯಲ್ಲಿ ಆವ್ ಮಾಸದ ಒಂಬತ್ತನೆಯ ದಿನ ಉಪವಾಸದ ದಿನ. ಕ್ರಿ.ಶ. 200ರ ಸುಮಾರಿಗೆ ರೂಪುಗೊಂಡ ಮಿಶ್ನಾ ಗ್ರಂಥ ಅಂದು ನಡೆದ ಐದು ಅನಾಹುತಗಳನ್ನು ಎಣಿಸುತ್ತದೆ: ಈಜಿಪ್ಟಿನಿಂದ ಹೊರಟವರಿಗೆ ವಾಗ್ದತ್ತ ನಾಡು ಸಿಗದೆಂಬ ತೀರ್ಪು, ಬಾಬಿಲೋನಿನವರಿಂದ ಮೊದಲ ದೇವಾಲಯದ ನಾಶ, ರೋಮನರಿಂದ ಎರಡನೆಯ ದೇವಾಲಯದ ನಾಶ, ಬೇತಾರ್ ಕೋಟೆಯ ಪತನ, ಜೆರುಸಲೇಮ್ ನಗರವನ್ನು ಉತ್ತು ನೆಲಸಮ ಮಾಡಿದ್ದು. ಕೆಟ್ಟ ದಿನಕ್ಕೆ ಕೆಟ್ಟದ್ದೇ ಬಂದು ಸೇರುತ್ತದೆ ಎಂಬ ಮಾತು ಮಿಶ್ನಾದ ಮೇಲೆ ವಿದ್ವಾಂಸರು ನಡೆಸಿದ ಚರ್ಚೆಯ ಗ್ರಂಥವಾದ ತಾಲ್ಮುದ್‌ನಲ್ಲೂ ಇದೆ. ಇದು ನನ್ನ ವಾದಕ್ಕೆ ನೇರ ವಿರುದ್ಧ. ಆದರೆ ಅದೇ ಪುಟಗಳಲ್ಲಿ ಆ ವಿದ್ವಾಂಸರು ಎಷ್ಟು ಪ್ರಾಮಾಣಿಕರಾಗಿದ್ದರೆಂಬುದೂ ಕಾಣುತ್ತದೆ. ಮೊದಲ ದೇವಾಲಯ ಸುಟ್ಟದ್ದು ಆ ತಿಂಗಳ ಏಳರಂದು ಎಂದು ಅರಸರ ಎರಡನೆಯ ಪುಸ್ತಕ ಹೇಳುತ್ತದೆ, ಹತ್ತರಂದು ಎಂದು ಯೆರೆಮೀಯನ ಪುಸ್ತಕ ಹೇಳುತ್ತದೆ. ಒಂಬತ್ತು ಎಂದು ಇಬ್ಬರೂ ಹೇಳುವುದಿಲ್ಲ. ವಿದ್ವಾಂಸರು ಇದನ್ನು ಮುಚ್ಚಿಡಲಿಲ್ಲ. ಶತ್ರುಗಳು ಏಳರಂದು ಒಳಹೊಕ್ಕರು, ಒಂಬತ್ತರ ಇಳಿಹೊತ್ತಿನಲ್ಲಿ ಬೆಂಕಿ ಇಟ್ಟರು, ಹತ್ತರಂದು ದಿನವಿಡೀ ಉರಿಯಿತು ಎಂದು ಹೊಂದಿಸಿದರು. ಆಗ ರಬ್ಬಿ ಯೋಹಾನನ್ ಒಂದು ಮಾತು ಸೇರಿಸಿದರು. ಆ ಕಾಲದಲ್ಲಿ ತಾವಿದ್ದಿದ್ದರೆ ಉಪವಾಸವನ್ನು ಹತ್ತಕ್ಕೇ ಇಡುತ್ತಿದ್ದೆವು, ಬಹುಪಾಲು ಉರಿದದ್ದು ಅಂದೇ ಅಲ್ಲವೆ ಎಂದು. ಉಳಿದವರ ಉತ್ತರ, ಅನಾಹುತದ ಆರಂಭವೇ ಮುಖ್ಯ ಎಂಬುದು. ಎರಡನೆಯ ದೇವಾಲಯ ಉರಿದುದನ್ನು ಬರೆದ ಜೋಸೆಫಸ್ ಕೂಡ ಹತ್ತು ಎಂದೇ ದಾಖಲಿಸಿ, ಮೊದಲನೆಯದು ಸುಟ್ಟ ದಿನವೇ ಇದೂ ಸುಟ್ಟಿತೆಂದು ಬೆರಗಾಗುತ್ತಾನೆ.

ಈ ಚರ್ಚೆಯಲ್ಲಿ ನನಗೆ ಕಾಣುವುದು ಆಕಾಶದ ಆಜ್ಞೆಗೆ ತಲೆಬಾಗಿದವರಲ್ಲ. ಯಾವ ದಿನ ದುಃಖಿಸಬೇಕೆಂದು ವಾದಿಸಿ ನಿರ್ಣಯಿಸಿದವರು. 1096ರಲ್ಲಿ ಶಿಲುಬೆಯ ಯುದ್ಧಕ್ಕೆ ಹೊರಟ ಗುಂಪುಗಳು ಷ್ಪೇಯರ್, ವರ್ಮ್ಸ್, ಮೈಂಟ್ಸ್ ಊರುಗಳ ಯಹೂದಿಗಳನ್ನು ಕೊಂದದ್ದು ವಸಂತದಲ್ಲಿ. ಆದರೂ ಅವರಿಗಾಗಿ ಬರೆದ ಶೋಕಗೀತೆಯನ್ನು ಇಂದಿಗೂ ಹಾಡುವುದು ಬೇಸಿಗೆಯ ಆವ್ ಒಂಬತ್ತರಂದು. ಹೊಸ ಶೋಕಕ್ಕೆ ಹೊಸ ದಿನ ಕೂಡಿಸುವುದು ಬೇಡವೆಂದು ಆ ಗೀತೆಯೇ ಬಾಯಿಬಿಟ್ಟು ಹೇಳುತ್ತದೆ. ಸಾವು ಬೇರೆ ದಿನದ್ದೆಂದು ಗೊತ್ತಿದ್ದೇ ದುಃಖವನ್ನು ಆ ದಿನಕ್ಕೆ ತಂದರು, ತಂದದ್ದನ್ನು ಹೇಳಿಕೊಂಡರು. ನನಗೆ ಇದರಲ್ಲಿ ಯಾವ ತಕರಾರೂ ಇಲ್ಲ. ಇದಕ್ಕಿಂತ ಗೌರವದ ಸ್ಮರಣೆ ಇರಲಾರದು. ತಕರಾರಿರುವುದು ಆಮೇಲಿನವರು ಪಟ್ಟಿಗೆ ಸೇರಿಸುತ್ತ ಹೋದ ರೀತಿಗೆ. ಸ್ಪೇನಿನಿಂದ ಯಹೂದಿಗಳನ್ನು ಹೊರಹಾಕಿದ್ದೂ ಅಂದೇ ಎನ್ನುತ್ತಾರೆ. 1492ರ ಆಜ್ಞೆಯ ಗಡುವು ಜುಲೈ ಕೊನೆಗಿತ್ತು, ಆ ವರ್ಷದ ಆವ್ ಒಂಬತ್ತು ಬಂದದ್ದು ಆಗಸ್ಟ್ 2ಕ್ಕೆ. ಮೊದಲ ಮಹಾಯುದ್ಧವೂ ಅಂದೇ ಆರಂಭವಾಯಿತು ಎನ್ನುತ್ತಾರೆ. 1914ರ ಆಗಸ್ಟ್ 1, ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿದ ದಿನ, ಆವ್ ಒಂಬತ್ತೇ ಹೌದು. ಆದರೆ ಆಸ್ಟ್ರಿಯ ಸರ್ಬಿಯದ ಮೇಲೆ ಯುದ್ಧ ಸಾರಿ ಆಗಲೇ ನಾಲ್ಕು ದಿನವಾಗಿತ್ತು. ಒಂದು ಯುದ್ಧಕ್ಕೆ ಹತ್ತು ಆರಂಭಗಳಿರುವಾಗ ಬೇಕಾದದ್ದು ಸಿಕ್ಕೇ ಸಿಗುತ್ತದೆ.

ದಿನದಲ್ಲಿ ದೇವರ ಸನ್ನೆ ಕಂಡವರು ಕೆಡುಕನ್ನಷ್ಟೇ ಅಲ್ಲ, ಅನುಗ್ರಹವನ್ನೂ ಕಂಡಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು, ಅದಕ್ಕೆ ಸಹಿ ಹಾಕಿದ್ದ ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್, ಥಾಮಸ್ ಜೆಫರ್‌ಸನ್ ಇಬ್ಬರೂ ತೀರಿಕೊಂಡರು. ನಾಡು ದೇವರ ಕಾಪಿನಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿ ಎಂದು ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಬಾಸ್ಟನ್ನಿನಲ್ಲಿ ಭಾಷಣ ಮಾಡಿದ. ಇಬ್ಬರು ಮುದುಕರು, ಆ ದಿನವನ್ನು ಕಾಣಬೇಕೆಂಬ ಹಂಬಲ ಇದ್ದವರು, ಒಂದೇ ದಿನ ಹೋದದ್ದು ಅಪರೂಪವೇ. ಆದರೆ ಆರು ತಿಂಗಳ ಬಳಿಕ, 1827ರ ಜನವರಿಯಲ್ಲಿ, ಜೆಫರ್‌ಸನ್‌ನ ಸಾಲ ತೀರಿಸಲು ಅವನ ಮಾಂಟಿಸೆಲ್ಲೊ ಎಸ್ಟೇಟಿನಲ್ಲಿ ಹರಾಜು ನಡೆಯಿತು. 130 ಗುಲಾಮರು ಮಾರಾಟಕ್ಕಿದ್ದಾರೆ ಎಂದು ಜಾಹೀರಾತು ಕೊಟ್ಟಿದ್ದರು. ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳೊಂದು ಕಡೆ ಹೋದರು. ಆ ತಾರೀಖಿನಲ್ಲಿ ಯಾರೂ ದೇವರ ಸನ್ನೆ ಹುಡುಕಲಿಲ್ಲ. ಸನ್ನೆ ಓದುವ ಅಧಿಕಾರ ಯಾವಾಗಲೂ ಗೆದ್ದವರ ಕೈಯಲ್ಲೇ ಏಕಿರುತ್ತದೆ ಎಂಬ ಪ್ರಶ್ನೆಗೆ ವಿಧಿವಾದಿಗಳು ಉತ್ತರ ಕೊಡಬೇಕು.

ಹಾಗಾದರೆ ಹಬ್ಬಹರಿದಿನಗಳೆಲ್ಲ ಪೊಳ್ಳಾದವಲ್ಲ ಎಂಬುದು ಕೊನೆಯ ಆಕ್ಷೇಪ. ಹಾಗೇನೂ ಇಲ್ಲ. ವೈಶಾಖದ ಹುಣ್ಣಿಮೆಯಂದು ಬುದ್ಧನ ಜನನ, ಬೋಧಿ, ಪರಿನಿರ್ವಾಣ ಮೂರೂ ಆದವೆಂದು ಶ್ರೀಲಂಕಾದ ಬೌದ್ಧರು ನಂಬುತ್ತಾರೆ. ಜಪಾನಿನ ಬೌದ್ಧರು ಇವನ್ನೇ ಏಪ್ರಿಲ್ 8, ಡಿಸೆಂಬರ್ 8, ಫೆಬ್ರವರಿ 15 ಎಂದು ಮೂರು ದಿನಗಳಿಗೆ ಹಂಚಿದ್ದಾರೆ. ಯಾರ ಲೆಕ್ಕ ಸರಿ ಎಂಬುದರ ಮೇಲೆ ಬೋಧಿಯ ಬೆಲೆ ನಿಂತಿಲ್ಲ. ದುಃಖಕ್ಕೆ ಕಾರಣವುಂಟು, ಆ ಕಾರಣವನ್ನು ಹುಡುಕಬಹುದು ಎಂದು ಕಲಿಸಿದವನನ್ನು ನೆನೆಯಲು ಒಂದು ಹುಣ್ಣಿಮೆಯನ್ನು ಮೀಸಲಿಟ್ಟವರು ಜನ. ಅವರು ಮೀಸಲಿಟ್ಟದ್ದರಿಂದಲೇ ಅದು ಪವಿತ್ರ. ಹರಕೆ ಹೊತ್ತವರ ಮನಸ್ಸಿನಿಂದ ಹರಕೆಗೆ ಬೆಲೆ ಬರುವಂತೆ ದಿನಕ್ಕೂ ಬೆಲೆ ಬರುತ್ತದೆ, ಮತ್ತು ಅದಕ್ಕೆ ಅವರು ಜವಾಬ್ದಾರರು. ಮ್ಯೂನಿಕ್ಕಿನ ಪುರಭವನದಲ್ಲಿ ಕೂತವರೂ ಒಂದು ದಿನವನ್ನು ಪವಿತ್ರ ಮಾಡಿದ್ದರು ಎಂಬುದನ್ನು ನೆನೆದರೆ ಆ ಜವಾಬ್ದಾರಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಇನ್ನುಳಿದದ್ದು 1989. ಆ ಸಂಜೆ ಪೂರ್ವ ಬರ್ಲಿನ್ನಿನ ಪತ್ರಿಕಾಗೋಷ್ಠಿಯಲ್ಲಿ ಆಳುವ ಪಕ್ಷದ ವಕ್ತಾರ ಗ್ಯುಂಟರ್ ಶಾಬೋವ್ಸ್ಕಿ ಹೊಸ ಪ್ರಯಾಣ ನಿಯಮವನ್ನು ಓದಿದ. ನಿಯಮ ಜಾರಿಯಾಗಬೇಕಿದ್ದದ್ದು 10ರಂದು. ಅದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಯಾವಾಗಿನಿಂದ ಎಂದು ಪತ್ರಕರ್ತರು ಕೇಳಿದಾಗ ಕಾಗದ ತಿರುವಿ, ಕೂಡಲೇ ಎಂದ. ಜನ ಗಡಿಗೆ ಮುತ್ತಿದರು. ರಾತ್ರಿ ಸುಮಾರು ಹನ್ನೊಂದೂವರೆಗೆ ಬೋರ್ನ್‌ಹೋಲ್ಮರ್ ರಸ್ತೆಯ ಗಡಿ ಠಾಣೆಯಲ್ಲಿ ಹರಾಲ್ಡ್ ಯೇಗರ್ ಎಂಬ ಅಧಿಕಾರಿ ಮೇಲಿನ ಆಜ್ಞೆ ಬಾರದೆಯೇ ಬಾಗಿಲು ತೆಗೆಸಿದ. ಅರ್ಧ ಗಂಟೆ ತಡವಾಗಿದ್ದರೆ ವಿಧಿಯ ದಿನದ ಪಟ್ಟಿಯಿಂದ ಈ ಘಟನೆ ಬಿಟ್ಟುಹೋಗುತ್ತಿತ್ತು, ಅದರ ಮಹತ್ವ ಕೂದಲೆಳೆಯಷ್ಟೂ ತಗ್ಗುತ್ತಿರಲಿಲ್ಲ. ಜರ್ಮನಿ ಒಂದಾದಾಗ ನವೆಂಬರ್ 9 ರಾಷ್ಟ್ರೀಯ ದಿನವಾಗಲಿ ಎಂಬ ಮಾತೂ ಬಂತು. 1938ರ ರಾತ್ರಿಯ ಮೇಲೆ ಸಂಭ್ರಮ ಹಾಸುವುದು ಸರಿಯಲ್ಲವೆಂದು ಅದನ್ನು ಕೈಬಿಟ್ಟರು. ಗೆಲುವನ್ನೂ ನಾಚಿಕೆಯನ್ನೂ ಒಟ್ಟಿಗೆ ಹೊರುವ ದಿನ ಇರಲಿ, ಅದೇ ನಾಡಿಗೆ ತಕ್ಕದ್ದು ಎಂದವರ ಮಾತಿನಲ್ಲೂ ಹುರುಳಿತ್ತು. ಆದರೆ ರಜೆಯ ದಿನದಲ್ಲಿ ಸಂಭ್ರಮವೇ ಮೇಲೆ ಬರುತ್ತದೆ, ಸತ್ತವರು ಕೆಳಗೆ ಬೀಳುತ್ತಾರೆ. ಕೈಬಿಟ್ಟದ್ದೇ ಸರಿ ಎಂದು ನನಗನ್ನಿಸುತ್ತದೆ. ಅವರು ಆರಿಸಿಕೊಂಡ ಅಕ್ಟೋಬರ್ 3ಕ್ಕೆ ಹಿಂದೆ ಯಾವ ಹುತಾತ್ಮರೂ ಇರಲಿಲ್ಲ, ಯಾವ ಶಕುನವೂ ಇರಲಿಲ್ಲ. 1990ರ ಆಗಸ್ಟ್ 23ರಂದು ಪೂರ್ವ ಜರ್ಮನಿಯ ಸಂಸತ್ತು ಅದನ್ನು ಮತಕ್ಕೆ ಹಾಕಿತು: ಪರ 294, ವಿರುದ್ಧ 62, ತಟಸ್ಥ 7.